ಹಿರಿಯರ ಸನ್ಮಾನವು ಎಲ್ಲಿ ಇರತಕ್ಕದ್ದು?

ಒಬ್ಬನು ತನ್ನ ಹಿರಿಯರ ಹೆಸರನ್ನು ಲೋಕವೆಲ್ಲಾ ನೋಡುವಂತೆ ಕೆತ್ತಿಸಿದರೆ ಅವರನ್ನು ಸನ್ಮಾನಿಸಿದ ಹಾಗಾಯಿತೋ? ಈ ಪ್ರಶ್ನೆಯನ್ನು ರೋಮಾಪುರದ ಹಳೆಯ ನಾಣ್ಯಗಳಿಂದ ಪರೀಕ್ಷಿಸೋಣ.

ಆ ನಾಣ್ಯಗಳು ನಮಗೆ ತೀರ ದೂರದವುಗಳಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಮಣ್ಣಿನೊಳಗಿಂದ ಔಗುಸ್ತ, ತಿಬೇರಿಯ ಎಂಬ ಕೈಸರರ ಬೆಳ್ಳಿ ನಾಣ್ಯಗಳು ದೊರೆತಿವೆ. ತಿಬೇರಿಯನು ತನ್ನ ಬೆಳ್ಳಿ ನಾಣ್ಯದಲ್ಲಿ ತನ್ನನ್ನು ದೇವನಾದ ಔಗುಸ್ತನ ಮಗನೆಂದು ಬರೆಯಿಸಿಕೊಂಡನು. ಅವನಾದರೋ ಔಗುಸ್ತನಿಗೆ ದತ್ತುಪುತ್ರನು. ಹೀಗೆ ಸತ್ತ ಹಿರಿಯನ ಹೆಸರು ಬದುಕಿರುವವನ ಸಿಂಹಾಸನಕ್ಕೆ ಆಧಾರವಾಯಿತು.

ಕ್ರಿ. ಶ. 37ರಿಂದ 41ರ ವರೆಗೆ ಆಳಿದ ಗಾಯ ಕೈಸರನು (ಕಲಿಗುಲನೆಂಬವನು ಇವನೇ) ಈ ಪದ್ಧತಿಯನ್ನು ಇನ್ನೂ ಬೆಳೆಯಿಸಿದನು. ಅವನ ತಾಯಿಯಾದ ಅಗ್ರಿಪ್ಪೀನಳು ತಿಬೇರಿಯನಿಂದ ಒಂದು ದ್ವೀಪಕ್ಕೆ ಗಡೀಪಾರಾಗಿ 33ರಲ್ಲಿ ಸತ್ತಿದ್ದಳು. ಮಗನು ಪಟ್ಟಕ್ಕೆ ಬಂದ ಮೇಲೆ ಆಕೆಯ ಬೂದಿಯನ್ನು ತರಿಸಿ, ಹಿತ್ತಾಳೆಯ ದೊಡ್ಡ ನಾಣ್ಯದ ಒಂದು ಮಗ್ಗುಲಲ್ಲಿ ಆಕೆಯ ಮುಖವನ್ನೂ ಮತ್ತೊಂದು ಮಗ್ಗುಲಲ್ಲಿ ಹೇಸರಗತ್ತೆಗಳು ಎಳೆಯುವ ರಥವನ್ನೂ ಅಚ್ಚೊತ್ತಿಸಿದನು. ಆಕೆಯ ತಂದೆಯಾದ ಅಗ್ರಿಪ್ಪನ ಮುಖವುಳ್ಳ ತಾಮ್ರದ ನಾಣ್ಯಗಳನ್ನೂ ಪಂಡಿತರು ಸಾಮಾನ್ಯವಾಗಿ ಗಾಯನ ಕಾಲಕ್ಕೇ ಸೇರಿಸುತ್ತಾರೆ. ಈ ಅಗ್ರಿಪ್ಪನು ಅಪೊಸ್ತಲರ ಕೃತ್ಯಗಳಲ್ಲಿ ಕಾಣುವ ಅರಸನಲ್ಲ. ಔಗುಸ್ತನ ಸೇನಾಪತಿಯಾಗಿ ಹಡಗುಗಳ ಯುದ್ಧದಲ್ಲಿ ಗೆದ್ದು, ರೋಮಾಪುರಕ್ಕೆ ನೀರಿನ ಕಾಲುವೆಗಳನ್ನು ಕಟ್ಟಿಸಿದವನು. ಆದರೆ ಹುಟ್ಟಿದ್ದು ಹೆಸರಿಲ್ಲದ ಮನೆತನದಲ್ಲಿ.

ಇಲ್ಲಿಯೇ ಆಲೋಚಿಸತಕ್ಕ ಸಂಗತಿಯಿದೆ. ಸುಯೆತೋನಿಯನೆಂಬ ಚರಿತ್ರೆಗಾರನು ಹೇಳುವದೇನಂದರೆ, ಗಾಯನು ಅಗ್ರಿಪ್ಪನ ಮೊಮ್ಮಗನೆನ್ನಿಸಿಕೊಳ್ಳಲು ಮನಸ್ಸಿಲ್ಲದೆ, ತನ್ನ ತಾಯಿಯು ಔಗುಸ್ತನಿಗೆ ಅವನ ಸ್ವಂತ ಮಗಳಲ್ಲಿ ಹುಟ್ಟಿದವಳೆಂದು ಸಾರುತ್ತಿದ್ದನು. ನಾಣ್ಯದಲ್ಲಿ ತಾಯಿಗೆ ಮಾನ, ಬಾಯಲ್ಲಿ ಅದೇ ತಾಯಿಗೆ ಅವಮಾನ!

ಆದರೂ ನಾಣ್ಯದಿಂದ ಅಗ್ರಿಪ್ಪನ ಹೆಸರು ಉಳಿಯಿತಲ್ಲಾ, ಅದು ಒಳ್ಳೇದಲ್ಲವೋ ಎಂದು ಕೆಲವರು ಕೇಳಾರು. ಸತ್ತವನ ಕೀರ್ತಿಗೆ ಒಳ್ಳೇದೇ ಸರಿ. ಮಾಡಿಸಿದವನಿಗೆ ಅದು ಸದ್ಗುಣವಾಗಿ ಎಣಿಕೆಯಾಗದು. ಯಾಕಂದರೆ ಸನ್ಮಾನವೆಂಬದು ಹಿರಿಯನು ಇದ್ದಂತೆಯೇ ಅವನನ್ನು ನಮ್ಮವನೆಂದು ಒಪ್ಪಿಕೊಳ್ಳುವದು. ಬೇಕಾದಷ್ಟನ್ನು ತೋರಿಸಿ ಮಿಕ್ಕದ್ದನ್ನು ಮುಚ್ಚಿಡುವದು ವ್ಯಾಪಾರ.

ತೆಲಸಂಗದಲ್ಲಿ ನಾವು ನಾಣ್ಯ ಅಚ್ಚು ಮಾಡುವವರಲ್ಲ; ಆದರೆ ಸಮಾಧಿಗೆ ಕಲ್ಲು ಕೆತ್ತಿಸುತ್ತೇವೆ. ಓದಿ ನೌಕರಿ ಹಿಡಿದ ಮಗನು, ಜೊತೆಗಾರರು ಬಂದಾಗ ಹರಕು ಕಂಬಳಿ ಹೊದ್ದ ಮುದುಕನನ್ನು "ನಮ್ಮ ಹೊಲದ ಆಳು" ಎಂದು ತೋರಿಸಿ, ಅವನು ಸತ್ತ ಮೇಲೆ "ಪೂಜ್ಯ ತಂದೆಯವರು" ಎಂದು ಕಲ್ಲಿನಲ್ಲಿ ಕೆತ್ತಿಸಿದರೆ, ಆ ಅಕ್ಷರಗಳು ಯಾವದಕ್ಕೆ ಸಾಕ್ಷಿ? ಸಂತೆಯಲ್ಲಿ ಹತ್ತು ಜನರೆದುರಿಗೆ "ಇವರು ನಮ್ಮಪ್ಪ" ಎಂದು ಹೇಳುವದಕ್ಕೆ ತಾಮ್ರವೂ ಬೇಡ, ಕಲ್ಲೂ ಬೇಡ. ಆ ಮಾತನ್ನು ಮುದುಕನ ಕಿವಿ ಕೇಳುವಾಗಲೇ ಆಡೋಣ.