ಎದುರಾಳಿಯನ್ನು ಆರಿಸುವ ಹಕ್ಕು ಯಾರದು?

ಚಾಂಪಿಯನ್ ಆದವನಿಗೆ ಪಟ್ಟದ ಜೊತೆಗೆ ಇನ್ನೊಂದು ಅಧಿಕಾರವೂ ದಕ್ಕುತ್ತದೆ. ಮುಂದೆ ತನ್ನೆದುರು ಯಾರು ನಿಲ್ಲಬೇಕು ಎಂಬ ವಿಚಾರದಲ್ಲಿ ಅವನ ಮಾತು ನಡೆಯುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ, ಅದರಲ್ಲೂ ಹೆವಿವೇಟ್ ವಿಭಾಗದಲ್ಲಿ, ಈ ಅಧಿಕಾರಕ್ಕೆ ಕೋಟಿಗಟ್ಟಲೆ ಬೆಲೆಯಿದೆ. ಹೆಸರಿದ್ದೂ ಕಸುವು ಕುಂದಿದವನನ್ನು ಕರೆದರೆ ಟಿಕೆಟ್ಟೂ ಮಾರಾಟವಾಗುತ್ತದೆ, ಪಟ್ಟವೂ ಉಳಿಯುತ್ತದೆ. ಕಸುವಿದ್ದೂ ಹೆಸರಿಲ್ಲದವನು ವರ್ಷಗಟ್ಟಲೆ ಬಾಗಿಲ ಹೊರಗೆ ಕಾಯುತ್ತಾನೆ. ಗೆದ್ದೆತ್ತಿನ ಬಾಲ ಹಿಡಿಯುವ ನಾವು ಗೆಲುವುಗಳನ್ನು ಎಣಿಸುತ್ತೇವೆ, ಅವು ಯಾರ ಮೇಲೆ ಸಿಕ್ಕ ಗೆಲುವುಗಳೆಂದು ಕೇಳುವುದಿಲ್ಲ. ನನಗೆ ಆ ಪ್ರಶ್ನೆಯೇ ಮುಖ್ಯ. ಬಲ ಇರುವವನು ತನ್ನ ಎದುರಾಳಿಯನ್ನು ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದರಲ್ಲಿ ಅವನ ನೈತಿಕತೆ ಪೂರ್ತಿ ಬಯಲಾಗುತ್ತದೆ.

ಈ ಕೆಲಸವನ್ನು ಚೊಕ್ಕವಾಗಿ ಮಾಡುವ ಪದ್ಧತಿಯೊಂದು ನಮ್ಮಲ್ಲೇ ಇದೆ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಬೇರೆಬೇರೆ ಗರಡಿಮನೆಗಳ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ ತೂಕ, ವಯಸ್ಸು, ಮೈಕಟ್ಟು ನೋಡುತ್ತಾರೆ. ಯಾರು ಯಾರ ಜೊತೆ ಕುಸ್ತಿ ಹಿಡಿದಿದ್ದಾರೆ, ಯಾರನ್ನು ಚಿತ್ ಮಾಡಿದ್ದಾರೆ ಎಂದು ವಿಚಾರಿಸುತ್ತಾರೆ. ಸರಿಹೊಂದಿತು ಅನ್ನಿಸಿದಾಗ ಇಬ್ಬರ ಕೈಕೈ ಸೇರಿಸಿ ಜೋಡಿ ಗಟ್ಟಿ ಮಾಡುತ್ತಾರೆ. ಎಷ್ಟು ಹೊತ್ತಿನ ಕುಸ್ತಿ ಎಂಬುದೂ ಮೊದಲೇ ಗೊತ್ತಾಗುತ್ತದೆ. ಇಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿಗಳು ಎರಡು. ಆಯ್ಕೆ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಆಯ್ಕೆ ಮಾಡುವವರು ಅಖಾಡಕ್ಕೆ ಇಳಿಯುವವರಲ್ಲ. ಎಷ್ಟೇ ದೊಡ್ಡ ಪೈಲ್ವಾನನಾದರೂ ತನಗೆ ಬೇಕಾದ ಬಡಪಾಯಿಯನ್ನು ತಾನೇ ಬೊಟ್ಟು ಮಾಡಿ ತೋರಿಸುವಂತಿಲ್ಲ.

ಸಮಜೋಡಿ ಎಂದರೆ ತೂಕದ ಲೆಕ್ಕ ಮಾತ್ರ ಆಗಿದ್ದರೆ ತಕ್ಕಡಿಯೊಂದೇ ಸಾಕಿತ್ತು. ವೃತ್ತಿಪರ ಹೆವಿವೇಟ್‌ಗೆ ಕೆಳಗಿನ ಮಿತಿ ಇದೆ, ವಾಡಿಕೆಯಲ್ಲಿ ಸುಮಾರು 90.7 ಕೆ.ಜಿ. ಮೇಲಿನ ಮಿತಿ ಇಲ್ಲ. 2009ರ ನವೆಂಬರಿನಲ್ಲಿ ಡೇವಿಡ್ ಹೇ ತನಗಿಂತ ಸುಮಾರು 45 ಕೆ.ಜಿ. ಹೆಚ್ಚು ತೂಗುತ್ತಿದ್ದ, ಏಳಡಿಯ ನಿಕೊಲಾಯ್ ವಾಲುಯೆವ್‌ನನ್ನು ಸೋಲಿಸಿ ಪಟ್ಟ ಕಿತ್ತುಕೊಂಡ. ತಕ್ಕಡಿಯ ಮಾತು ಕೇಳಿದ್ದರೆ ಆ ಪಂದ್ಯವೇ ನಡೆಯಬಾರದಿತ್ತು.

ನಡೆಯಬಾರದಾಗಿದ್ದ ಪಂದ್ಯ ಬೇರೆಯದು. 1980ರ ಅಕ್ಟೋಬರ್ 2ರಂದು ಲಾಸ್ ವೇಗಾಸ್‌ನಲ್ಲಿ ಚಾಂಪಿಯನ್ ಲ್ಯಾರಿ ಹೋಮ್ಸ್ ಎದುರು ಮುಹಮ್ಮದ್ ಅಲಿಯನ್ನು ನಿಲ್ಲಿಸಿದರು. ಅಲಿಗೆ ಆಗ 38 ವರ್ಷ, ರಿಂಗ್ ಬಿಟ್ಟು ಎರಡು ವರ್ಷವಾಗಿತ್ತು. ಹೋಮ್ಸ್ ಹಿಂದೊಮ್ಮೆ ಇದೇ ಅಲಿಗೆ ಅಭ್ಯಾಸದ ಜೊತೆಗಾರನಾಗಿದ್ದವನು. ಆ ರಾತ್ರಿ ಅಲಿ ಒಂದು ಸುತ್ತನ್ನೂ ಗೆಲ್ಲಲಿಲ್ಲ. ಹತ್ತನೆಯ ಸುತ್ತು ಮುಗಿದಾಗ ತರಬೇತುದಾರ ಏಂಜೆಲೊ ಡಂಡಿ ಇನ್ನು ಸಾಕು ಎಂದ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ರೋಗಲಕ್ಷಣಗಳಿವೆ ಎಂದು ವೈದ್ಯರು ಹೇಳಿದರು. ಅದಕ್ಕೆ ಈ ಒಂದು ಪಂದ್ಯವೇ ಕಾರಣ ಎನ್ನುವುದು ಸರಿಯಲ್ಲ. ಆದರೆ ಆ ಮನುಷ್ಯನನ್ನು ರಿಂಗಿಗೆ ತಂದದ್ದು ಅವನ ಹೆಸರಿಗಿದ್ದ ಮಾರುಕಟ್ಟೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿನ ಕ್ರೀಡಾ ಆಯೋಗ ಪರವಾನಗಿ ಕೊಟ್ಟಿತು, ಜನ ದುಡ್ಡು ಕೊಟ್ಟರು, ಅಲಿಯೂ ಒಪ್ಪಿದ್ದ. ಎಲ್ಲರ ಒಪ್ಪಿಗೆ ಇದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ.

ಇದು ದೂರದ ಅಮೆರಿಕದ ಕಥೆಯಷ್ಟೇ ಅಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಪೆಟ್ಟು ತಿಂದು ಕುಸಿದ; ಚಿಕಿತ್ಸೆ ಫಲಿಸದೆ ತೀರಿಕೊಂಡ. ವೈದ್ಯಕೀಯ ಏರ್ಪಾಡು ಸರಿಯಿರಲಿಲ್ಲ ಎಂದು ಮನೆಯವರು ದೂರು ಕೊಟ್ಟರು, ಪೊಲೀಸರು ಪ್ರಕರಣ ದಾಖಲಿಸಿದರು. ಎದುರಾಳಿ ಎಂದರೆ ಸಂಜೆ ಮನೆಗೆ ಹಿಂತಿರುಗಬೇಕಾದ ಇನ್ನೊಬ್ಬರ ಮಗ. ಪಂದ್ಯ ಕಟ್ಟುವವರು ಮೊದಲು ತಿಳಿದಿರಬೇಕಾದದ್ದು ಇದು.

ಬಲಹೀನನನ್ನು ಎದುರಿಗೆ ನಿಲ್ಲಿಸುವುದು ಒಂದು ಅನ್ಯಾಯ. ಬಲಶಾಲಿಯನ್ನು ನಿಲ್ಲಗೊಡದಿರುವುದು ಇನ್ನೊಂದು, ಅದು ಹೆಚ್ಚು ಹಳೆಯದು. ಪಂಪನ ಕರ್ಣನನ್ನು ಓದಿ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರ್ಜುನ ತನ್ನ ಬಿಲ್ವಿದ್ಯೆ ತೋರಿಸಿ ಭೇಷ್ ಅನ್ನಿಸಿಕೊಂಡ ರಂಗದಲ್ಲೇ ಕರ್ಣ ಬಂದು ಪಂಥಕ್ಕೆ ಕರೆದ. ಆಗ ಎದ್ದ ಪ್ರಶ್ನೆ ಅವನ ಬಾಣ ಎಷ್ಟು ದೂರ ಹೋಗುತ್ತದೆ ಎಂಬುದಲ್ಲ, ಅವನ ಕುಲ ಯಾವುದು ಎಂಬುದು. ದುರ್ಯೋಧನ ಅಲ್ಲಿಯೇ ಅಂಗರಾಜ್ಯ ಕೊಟ್ಟು ಕರ್ಣನಿಗೆ ಅರ್ಹತೆ ತಂದುಕೊಟ್ಟ. ಇದನ್ನು ಔದಾರ್ಯವೆಂದು ಕೊಂಡಾಡುವವರು ಅದರ ಬೆಲೆಯನ್ನೂ ನೋಡಬೇಕು. ಹಕ್ಕಾಗಿ ಸಿಗಬೇಕಿದ್ದ ಸ್ಥಾನ ಉಪಕಾರವಾಗಿ ಸಿಕ್ಕಿತು, ಆ ಉಪಕಾರದ ಋಣ ತೀರಿಸಲು ಕರ್ಣ ಅಧರ್ಮದ ಪಾಳಯದಲ್ಲಿ ಪ್ರಾಣ ಕೊಡಬೇಕಾಯಿತು. ನಿಯಮ ಇಲ್ಲದ ಕಡೆ ಯೋಗ್ಯರು ಯಾರದಾದರೂ ಕೃಪೆಗೆ ಕಾಯಬೇಕಾಗುತ್ತದೆ, ಕೃಪೆ ತೋರಿದವರ ಆಳಾಗಬೇಕಾಗುತ್ತದೆ.

ಬಾಕ್ಸಿಂಗ್‌ನ ಹೆವಿವೇಟ್ ಪಟ್ಟವೂ ಬಹುಕಾಲ ಹೀಗೆಯೇ ಕುಲ ಕೇಳಿತು. ಚಾಂಪಿಯನ್ ಜಾನ್ ಎಲ್. ಸಲಿವನ್ ಕರಿಯ ಎದುರಾಳಿಯೊಡನೆ ಆಡುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದ. ಕರಿಯ ಬಾಕ್ಸರ್ ಪೀಟರ್ ಜಾಕ್ಸನ್‌ಗೆ ಅವಕಾಶ ಸಿಗಲೇ ಇಲ್ಲ. ಅವನಂತೆಯೇ ಕರಿಯನಾದ ಜ್ಯಾಕ್ ಜಾನ್ಸನ್ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಬಿಡದೆ ದೇಶದೇಶ ಅಲೆದು ಕೊನೆಗೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಅವನನ್ನು ಸೋಲಿಸಿದ. ಮನಸ್ಸಿಗೆ ನಾಟುವುದು ಅದರ ಮುಂದಿನ ಕಥೆ. ಪಟ್ಟ ಸಿಕ್ಕಿದ ಮೇಲೆ ಜಾನ್ಸನ್ ಕೂಡ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಸಮರ್ಥ ಕರಿಯ ಬಾಕ್ಸರನನ್ನು ದೂರವೇ ಇಟ್ಟ. 1915ರಲ್ಲಿ ಅವನು ಪಟ್ಟ ಕಳೆದುಕೊಂಡ ಮೇಲೆ 1937ರಲ್ಲಿ ಜೋ ಲೂಯಿಸ್ ಬರುವ ತನಕ, 22 ವರ್ಷ, ಯಾವ ಕರಿಯನಿಗೂ ಪಟ್ಟಕ್ಕಾಗಿ ಆಡುವ ಅವಕಾಶ ಸಿಗಲಿಲ್ಲ. ಆ ನಡುವೆ ಕರಿಯ ಬಾಕ್ಸರ್ ಹ್ಯಾರಿ ವಿಲ್ಸ್ ಚಾಂಪಿಯನ್ ಜ್ಯಾಕ್ ಡೆಂಪ್ಸಿಯ ಎದುರು ನಿಲ್ಲಲು ಕಾದು ಕಾದು ಸೋತ. ನೊಂದವನೂ ಗದ್ದುಗೆ ಏರಿದ ಮೇಲೆ ಬಾಗಿಲು ಹಾಕಬಲ್ಲ. ಆದ್ದರಿಂದಲೇ ನ್ಯಾಯವನ್ನು ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಿಸಬಾರದು, ನಿಯಮದ ಮೇಲೆ ನಿಲ್ಲಿಸಬೇಕು.

ಈಗ ವೃತ್ತಿಪರ ಬಾಕ್ಸಿಂಗ್‌ಗೂ ನಿಯಮ ಬಂದಿದೆ. ಚಾಂಪಿಯನ್ ನಿಗದಿತ ಅವಧಿಯೊಳಗೆ ಅಗ್ರ ಶ್ರೇಯಾಂಕದ ಸ್ಪರ್ಧಿಯನ್ನು ಕಡ್ಡಾಯವಾಗಿ ಎದುರಿಸಬೇಕು. ಆದರೆ ಶ್ರೇಯಾಂಕ ಕೊಡುವ ಸಂಸ್ಥೆಗಳಿಗೆ ಅದೇ ಪಂದ್ಯದ ಹಣದಲ್ಲಿ ಪಾಲು ಹೋಗುತ್ತದೆ. 1992ರ ಡಿಸೆಂಬರಿನಲ್ಲಿ ಚಾಂಪಿಯನ್ ರಿಡಿಕ್ ಬೋ, ಕಡ್ಡಾಯ ಸ್ಪರ್ಧಿ ಲೆನಾಕ್ಸ್ ಲೂಯಿಸ್‌ನನ್ನು ಎದುರಿಸುವ ಬದಲು ಲಂಡನ್ನಿನ ಪತ್ರಿಕಾಗೋಷ್ಠಿಯಲ್ಲಿ ಡಬ್ಲ್ಯೂಬಿಸಿ ಸಂಸ್ಥೆಯ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಬೆಲ್ಟಿಗೆ ಮರ್ಯಾದೆ ತರುವುದು ಎದುರಾಳಿ. ಅವನನ್ನು ತಪ್ಪಿಸಿಕೊಂಡ ಮೇಲೆ ಅದು ಚರ್ಮ ಮತ್ತು ಲೋಹದ ತುಂಡು ಮಾತ್ರ.

ನಾನಿರುವ ನಾಗಪುರದ ಹುಡುಗಿಯೊಬ್ಬಳ ಹಾದಿ ಇದಕ್ಕಿಂತ ಶುದ್ಧವಾಗಿದೆ. ಬಾಕ್ಸರ್ ಅಲ್ಫಿಯಾ ಪಠಾಣ್ 2021ರ ಏಪ್ರಿಲಿನಲ್ಲಿ ಪೋಲೆಂಡಿನ ಕೀಲ್ಸೆಯಲ್ಲಿ 81 ಕೆ.ಜಿ.ಗೂ ಮೇಲಿನ ವಿಭಾಗದಲ್ಲಿ ವಿಶ್ವ ಯುವ ಚಾಂಪಿಯನ್ ಆದಳು. ಮರುವರ್ಷ ಕಜಕಸ್ತಾನದ ಎಲೋರ್ದಾ ಕಪ್‌ನಲ್ಲಿ, 2016ರ ವಿಶ್ವ ಚಾಂಪಿಯನ್ ಲಜ್ಜತ್ ಕುಂಗೆಬಾಯೆವಾಳನ್ನು ಅವಳ ದೇಶದಲ್ಲೇ ಸೋಲಿಸಿ ಚಿನ್ನ ಗೆದ್ದಳು. ಅಂಥ ಹವ್ಯಾಸಿ ಬಾಕ್ಸಿಂಗ್ ಟೂರ್ನಿಗಳಲ್ಲಿ ಎದುರಾಳಿಯನ್ನು ಮ್ಯಾನೇಜರ್ ಹುಡುಕಿ ತರುವುದಿಲ್ಲ, ಡ್ರಾ ನಿರ್ಧರಿಸುತ್ತದೆ. ಡ್ರಾದಲ್ಲಿ ಬಂದವರನ್ನು ಎದುರಿಸಬೇಕು, ಇಲ್ಲವೇ ಊರಿಗೆ ಹೊರಡಬೇಕು. ತೀರ್ಪಿನಲ್ಲಿ ಅಲ್ಲೂ ತಕರಾರುಗಳಿವೆ, ನಿಜ. ಆದರೆ ಎದುರಾಳಿಯನ್ನು ಆರಿಸುವ ಅಧಿಕಾರ ಗೆಲ್ಲಬೇಕಾದವರ ಕೈಯಲ್ಲಿಲ್ಲ. ಆ ಚಿನ್ನವನ್ನು ನಂಬಲು ನನಗೆ ಇಷ್ಟು ಸಾಕು.

ನನ್ನ ಬಜಾಜ್ ನಗರದಿಂದ ದೀಕ್ಷಾಭೂಮಿ ದೂರವಿಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ಜಾಗ ಅದು. ಎದುರಾಳಿಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ಪಾಠವನ್ನು ನಾನು ಅವರಿಂದಲೂ ಕಲಿತೆ. ಜಾತಿವಿನಾಶದ ಬಗ್ಗೆ 1936ರಲ್ಲಿ ಲಾಹೋರಿನಲ್ಲಿ ಮಾತಾಡಲು ಕರೆದವರು ಭಾಷಣದ ಪ್ರತಿ ಓದಿ ಹೆದರಿ ಸಭೆಯನ್ನೇ ರದ್ದು ಮಾಡಿದರು. ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದರು. ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ಟೀಕಿಸಿದರು. ಎರಡನೆಯ ಮುದ್ರಣ ಬಂದಾಗ ಅಂಬೇಡ್ಕರ್ ಆ ಟೀಕೆಯನ್ನು ತಮ್ಮ ಪುಸ್ತಕದಲ್ಲೇ ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ದೇಶದಲ್ಲೇ ಅತಿ ಹೆಚ್ಚು ಪ್ರಭಾವವಿದ್ದ ಎದುರಾಳಿಗೆ ತಮ್ಮ ಪುಸ್ತಕದಲ್ಲೇ ಜಾಗ ಕೊಟ್ಟು ವಾದಿಸಿದರು. ತಮ್ಮ ಮಾತಿನ ಸತ್ಯದಲ್ಲಿ ಭರವಸೆ ಇದ್ದವರು ಮಾತ್ರ ಹೀಗೆ ಮಾಡಬಲ್ಲರು.

ಎಚ್. ನರಸಿಂಹಯ್ಯನವರೂ ಅದೇ ದಾರಿಯವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಬೀದಿಬದಿಯ ಗಿಣಿಶಾಸ್ತ್ರದವನನ್ನು ಹಿಡಿದು ನಗೆಪಾಟಲು ಮಾಡುವುದು ಸುಲಭವಿತ್ತು. ಅವರು ಪತ್ರ ಬರೆದದ್ದು ಮಂತ್ರಿಗಳೂ ನ್ಯಾಯಾಧೀಶರೂ ಅಡ್ಡಬೀಳುತ್ತಿದ್ದ ಸತ್ಯಸಾಯಿ ಬಾಬಾ ಅವರಿಗೆ, ಒಂದಲ್ಲ ಮೂರು ಸಲ. ಉತ್ತರ ಬರಲಿಲ್ಲ. ಆದರೆ ಪ್ರಶ್ನೆ ಕೇಳುವುದಾದರೆ ಯಾರನ್ನು ಕೇಳಬೇಕು ಎಂಬ ಮಾದರಿ ಉಳಿಯಿತು.

ಎದುರಾಳಿಯನ್ನು ಎದುರಿಸಲಾಗದವರು ಏನು ಮಾಡುತ್ತಾರೆ ಎಂಬುದನ್ನೂ ನಾವು ಕಂಡಿದ್ದೇವೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರನ್ನು, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದರು. ವಾದಕ್ಕೆ ವಾದ ಸಿಗದೆ ಹೋದಾಗ ಅಖಾಡವನ್ನೇ ಕೆಡವುವ ಹೇಡಿತನ ಇದು. ಏಕಲವ್ಯನ ಹೆಬ್ಬೆರಳು ಕೇಳಿದ ಮನಸ್ಸು ಇನ್ನೂ ಸತ್ತಿಲ್ಲ.

ವಿಚಾರವಾದಿಗಳಾದ ನಮ್ಮ ಮೇಲೂ ಇಲ್ಲಿ ಹೊಣೆಯಿದೆ. ಆಸ್ತಿಕರ ಪೈಕಿ ಅತಿ ಮುಗ್ಧರನ್ನು ಹುಡುಕಿ ಗೆದ್ದೆವೆಂದು ಬೀಗುವುದು, ಆಸ್ಪತ್ರೆಯ ಖರ್ಚಿಗೆ ಹೆದರಿ ಹರಕೆ ಹೊತ್ತ ತಾಯಿಯನ್ನು ಗೇಲಿ ಮಾಡುವುದು ವಿಚಾರವಾದವಲ್ಲ. ಆ ತಾಯಿ ನಮ್ಮ ಎದುರಾಳಿಯೇ ಅಲ್ಲ, ನಾವು ಜೊತೆ ನಿಲ್ಲಬೇಕಾದವಳು. ಅವಳ ಭಯದಿಂದ ಲಾಭ ಮಾಡುವವನು ನಮ್ಮ ಎದುರಾಳಿ. ಹಾಗೆಯೇ, ನಮ್ಮ ನಿಲುವನ್ನು ನಿಜಕ್ಕೂ ಅಲುಗಾಡಿಸಬಲ್ಲ ಪಂಡಿತನೂ ನಮ್ಮ ಎದುರಾಳಿ. ಅವನ ವಾದವನ್ನು ಅವನು ಒಪ್ಪುವಂತೆ ಹೇಳಿದ ಮೇಲೆಯೇ ನಮಗೆ ಉತ್ತರಿಸುವ ಹಕ್ಕು ಬರುತ್ತದೆ.

ರಿಂಗಿಗಾಗಲಿ ವಿಚಾರಕ್ಕಾಗಲಿ ಅಳತೆ ಒಂದೇ. ಎದುರಾಳಿ ಗೆಲ್ಲಲು ಶಕ್ತನಾಗಿರಬೇಕು. ಸೋತರೂ ಅವನ ಜೀವ, ಮಾನ ಉಳಿಯಬೇಕು. ಅವನ ಆಯ್ಕೆ ನಮ್ಮ ಅನುಕೂಲಕ್ಕೆ ತಕ್ಕಂತೆ ನಡೆಯಬಾರದು. ಈ ಮೂರೂ ಕೂಡಿಬಂದ ಕಡೆ ಸೋತವನೂ ತಲೆಯೆತ್ತಿ ನಡೆಯಬಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಗೆದ್ದವನಿಗೆ ದಕ್ಕುವುದು ಬರಿಯ ಪಟ್ಟ, ಗೌರವವಲ್ಲ.