ಚಿಗರಿ, ಪೈರು ಮತ್ತು ಅಹಿಂಸೆಯ ಹೊರೆ

ನವಲಗುಂದ ತಾಲ್ಲೂಕಿನ ಮೊರಬ ಎರೆಭೂಮಿಯ ಊರು. ಕಾಡಿಲ್ಲದ ಈ ಬಯಲುಸೀಮೆಯಲ್ಲಿ ಜನರು ಚಿಗರಿಯೆನ್ನುವ ಕೃಷ್ಣಮೃಗಗಳು ಹಿಂಡುಗಟ್ಟಿ ಅಲೆಯುತ್ತವೆ, ಮುಂಗಾರಿನ ಹೆಸರು ಎಲೆ ಬಿಡುತ್ತಲೇ ಕುಡಿ ಚಿವುಟುತ್ತವೆ, ಮಿಕ್ಕಿದ್ದನ್ನು ತುಳಿದು ಹೋಗುತ್ತವೆ. ಬೆಳೆದವನು ಅವುಗಳನ್ನು ಕೊಲ್ಲಬಹುದೇ ಎಂಬ ಪ್ರಶ್ನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉತ್ತರ ಕೂಡದೆಂಬುದೇ ಆಗಿದೆ.

ಕೊಲ್ಲುವುದಷ್ಟೇ ಅಲ್ಲದೆ ಉರುಲೊಡ್ಡುವುದು, ಹಿಡಿಯುವುದು, ವಿಷವಿಕ್ಕುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಈ ಕಾಯ್ದೆಯ ಪ್ರಕಾರ ಬೇಟೆಯೇ. ಅಮೆರಿಕದ ಸಾರ್ವಜನಿಕ ಭೂಮಿಗಳಲ್ಲಿ ಯಾವ ಋತುವಿನಲ್ಲಿ ಯಾರು ಎಷ್ಟು ಪ್ರಾಣಿಗಳನ್ನು ಹೊಡೆಯಬಹುದೆಂಬುದನ್ನು ಪರವಾನಗಿ ಗೊತ್ತುಮಾಡುತ್ತದೆ. ಭಾರತದಲ್ಲಾದರೋ ಮೋಜಿನ ಬೇಟೆಯ ಪರವಾನಗಿ 1991ರ ತಿದ್ದುಪಡಿಯೊಂದಿಗೆ ಕೊನೆಗೊಂಡಿತು, ಸರ್ಕಾರಿ ಗಾಯರಾಣವಾಗಲಿ ಸ್ವಂತ ಹೊಲವಾಗಲಿ ನಿಷೇಧ ಒಂದೇ. ಉಳಿದಿರುವುದು 11ನೆಯ ಕಲಮಿನ ಇಕ್ಕಟ್ಟಾದ ದಾರಿ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಿಲ್ಲ. ಅನುಸೂಚಿಗಳಲ್ಲಿ, ಅಂದರೆ ರಕ್ಷಣೆಯ ಮಟ್ಟಕ್ಕೆ ತಕ್ಕಂತೆ ಪ್ರಾಣಿಗಳನ್ನು ವಿಂಗಡಿಸಿದ ಪಟ್ಟಿಗಳಲ್ಲಿ, ಎರಡನೆಯದಕ್ಕೆ ಸೇರಿದ ಕಾಡುಹಂದಿ ಪೈರಿಗೆ ಅಪಾಯಕಾರಿಯೆಂದು ಕಂಡರೆ ಅಧಿಕಾರಿ ಲಿಖಿತ ಅಪ್ಪಣೆ ಕೊಡಬಹುದು. ಮೊದಲನೆಯದಕ್ಕೆ ಸೇರಿದ ಚಿಗರಿಯ ವಿಷಯದಲ್ಲಿ ಮಾತ್ರ ಪೈರಿನ ಹಾನಿ ಕಾರಣವೆನಿಸದು, ಅದು ಮನುಷ್ಯನ ಜೀವಕ್ಕೇ ಅಪಾಯವಾಗಿರಬೇಕು ಇಲ್ಲವೆ ಗುಣವಾಗದ ರೋಗಕ್ಕೋ ಊನಕ್ಕೋ ತುತ್ತಾಗಿರಬೇಕು.

ಫಸಲಿಗಿಂತ ಜೀವ ದೊಡ್ಡದೆಂಬ ಈ ನಿರ್ಣಯ ಕಾನೂನಿನ ಮಾತಿನಲ್ಲಿದ್ದರೂ ಮೂಲತಃ ಧರ್ಮದ ನಿರ್ಣಯ, ಮತ್ತು ಅದು ಸರಿಯಾದ ನಿರ್ಣಯವೇ. ಆದರೆ ಮಹಾಭಾರತದ ವನಪರ್ವದಲ್ಲಿ ಮಾಂಸ ಮಾರುವ ಧರ್ಮವ್ಯಾಧನು ಕೌಶಿಕನೆಂಬ ಬ್ರಾಹ್ಮಣನಿಗೆ, ನೇಗಿಲು ಹೂಡಿದವನೂ ನೆಲದೊಳಗಿನ ಅನೇಕ ಜೀವಿಗಳನ್ನು ಕೊಲ್ಲುತ್ತಾನೆಂದೂ ಹಿಂಸೆಯ ಸೋಂಕಿಲ್ಲದ ಬದುಕು ಯಾರಿಗೂ ಇಲ್ಲವೆಂದೂ ತಿಳಿಸುತ್ತಾನೆ. ಈ ಮಾತು ಹಿಂಸೆಗೆ ರಹದಾರಿಯಲ್ಲ. ಒಬ್ಬನ ಅಹಿಂಸೆ ಎಷ್ಟೋ ಸಲ ಇನ್ನೊಬ್ಬನ ಕೈಕೆಲಸದ ಮೇಲೆ ನಿಂತಿರುತ್ತದೆಯೆಂಬ ಎಚ್ಚರ. ಚಿಗರಿಯನ್ನು ಉಳಿಸಬೇಕೆಂಬ ಸಂಕಲ್ಪ ಇಡೀ ಸಮಾಜದ್ದು, ಅದಕ್ಕಾಗಿ ಬೆಳೆ ಕಳೆದುಕೊಳ್ಳುವವನು ಆ ಹೊಲದ ಒಕ್ಕಲಿಗನೊಬ್ಬನೇ. ತಾನು ತೊಟ್ಟ ವ್ರತಕ್ಕೆ ಬೇರೆಯವನಿಂದ ಉಪವಾಸ ಮಾಡಿಸುವುದನ್ನು ಯಾವ ಧರ್ಮವೂ ಒಪ್ಪಲಾರದು.

ಆದ್ದರಿಂದ ಬೆಳೆಹಾನಿಗೆ ಕೊಡುವ ಪರಿಹಾರವನ್ನು ಸರ್ಕಾರದ ಅನುಗ್ರಹವೆಂದು ಎಣಿಸುವುದು ತಪ್ಪು. ಅದು ಸಂಕಲ್ಪದ್ದೇ ಒಂದು ಅಂಗ. ಸತ್ತುಬಿದ್ದ ವನ್ಯಪ್ರಾಣಿ ಸರ್ಕಾರದ ಸ್ವತ್ತೆಂದು 39ನೆಯ ಕಲಮು ಸಾರುವಾಗ, ಬದುಕಿದ್ದಾಗ ಅದು ಮೇದ ಪೈರಿನ ಹೊಣೆಯನ್ನು ಸರ್ಕಾರ ತಳ್ಳಿಹಾಕುವುದು ನ್ಯಾಯವಾಗದು. ಆ ಹೊಣೆ ಹೊತ್ತವರು ಕುಡಿ ಕಡಿದ ಗುರುತೂ ಗೊರಸಿನ ಹೆಜ್ಜೆಯೂ ಮುಂದಿನ ಮಳೆಗೆ ಅಳಿಸಿಹೋಗುವ ಮೊದಲೇ ಹೊಲಕ್ಕೆ ಬಂದು ಹಾನಿಯನ್ನು ಅಳೆಯಬೇಕಾಗುತ್ತದೆ.