ಸಂಪತ್ತು, ನೀತಿ ಮತ್ತು ನಾವೆಲಿಯ ವೈದ್ಯರು

ಏಳುತ್ತಲೇ ಅಂಗೈ ನೋಡಿಕೊಂಡು, ಬೆರಳ ತುದಿಯಲ್ಲಿ ಲಕ್ಷ್ಮಿ, ನಡುವೆ ಸರಸ್ವತಿ ಎಂದು ನೆನೆಯುವವರು ನಾವು. ಸಂಪತ್ತೂ ತಿಳಿವೂ ಒಂದೇ ಕೈಯಲ್ಲಿರಲಿ ಎಂಬ ಈ ಹಂಬಲಕ್ಕೆ ಶಾಸ್ತ್ರದ ರೂಪ ಕೊಡಹೊರಟವರೊಬ್ಬರು ನಮ್ಮ ಕಾರವಾರದ ನೆರೆಯ ಗೋವೆಯಲ್ಲಿದ್ದರು. ಫ್ರಾನ್ಸಿಸ್ಕೊ ಲೂಯಿಸ್ ಗೋಮ್ಸ್. ಮಡಗಾಂವ್ ಬಳಿಯ ನಾವೆಲಿಯಲ್ಲಿ 1829ರಲ್ಲಿ ಹುಟ್ಟಿದವರು. ಅಲ್ಲಿನ ಜಿಲ್ಲಾ ಗ್ರಂಥಾಲಯ ಇಂದು ಅವರ ಹೆಸರಿನದು. ಗೋವೆಗೆ ಹೋಗಿಬರುವ ನಮ್ಮವರು ಲೆಕ್ಕವಿಲ್ಲದಷ್ಟು, ಆ ಹೆಸರು ಬಲ್ಲವರು ಮಾತ್ರ ಅಪರೂಪ.

ಕಲಿತದ್ದು ವೈದ್ಯಕೀಯ, ಒಲಿದದ್ದು ಅರ್ಥಶಾಸ್ತ್ರ. ಗೋವೆಯ ಪ್ರತಿನಿಧಿಯಾಗಿ ಲಿಸ್ಬನ್ನಿನ ಸಂಸತ್ತು ಸೇರಿದರು. 1862ರಲ್ಲಿ ಪೋರ್ಚುಗೀಸ್ ಇಂಡಿಯಾದ ಭೂಮಿ, ಬೇಸಾಯ ಕುರಿತು ಬರೆದರು. 1866ರಲ್ಲಿ ಒಂದು ಕಾದಂಬರಿ. ಮರುವರ್ಷ ಫ್ರೆಂಚಿನಲ್ಲಿ ಅರ್ಥಶಾಸ್ತ್ರದ ಗ್ರಂಥ. ಅರ್ಥಶಾಸ್ತ್ರಕ್ಕೂ ನೀತಿಗೂ ಕಾನೂನಿಗೂ ಇರುವ ನಂಟು ಅದರ ವಿಷಯ. ಪುಣೆಯಲ್ಲಿ ಸಮಾಜ ಸುಧಾರಕ ರಾನಡೆಯವರು ಭಾರತೀಯ ಅರ್ಥಶಾಸ್ತ್ರ ಕುರಿತು ಹೆಸರಾಂತ ಉಪನ್ಯಾಸ ಕೊಟ್ಟದ್ದು 1892ರಲ್ಲಿ, ಅದಕ್ಕೂ ಕಾಲು ಶತಮಾನದ ಆಚೆ.

ನನ್ನನ್ನು ಕಾಡುವುದು ಅವರ ಇನ್ನೊಂದು, ಚಿಕ್ಕ ಪುಸ್ತಕ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿನ ಹತ್ತಿ ಬಾರದೆ ಲ್ಯಾಂಕಶೈರಿನ ಗಿರಣಿಗಳು ಕಂಗಾಲಾದವು. ಇಂಗ್ಲಿಷರ ಕಣ್ಣು ಧಾರವಾಡದ ಎರೆನೆಲದ ಮೇಲೆ ಬಿತ್ತು. ಆ ಹತ್ತಿಗೆ ಕಾರವಾರದ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದೂರದ ಗಿರಣಿ ನಿಂತರೆ ಇಲ್ಲಿ ಒಂದು ಜಿಲ್ಲೆಯ ಆಡಳಿತವೇ ಬದಲಾಗುತ್ತದೆ! ಅದೇ 1861ರಲ್ಲಿ ಗೋಮ್ಸ್ ಬರೆದದ್ದೂ ಈ ಹತ್ತಿಯ ಪ್ರಶ್ನೆಯನ್ನೇ, ಇಂಗ್ಲೆಂಡಿನ ಜೊತೆಗೆ ಪಶ್ಚಿಮ ಆಫ್ರಿಕದ ಪೋರ್ಚುಗೀಸ್ ವಸಾಹತುಗಳನ್ನೂ ಇಟ್ಟುಕೊಂಡು.

ಆ ವಸಾಹತುಗಳಲ್ಲೊಂದಾದ ಅಂಗೋಲದ ಹೊಲದಲ್ಲಿ ಆ ಹತ್ತಿ ಬಿಡಿಸಬೇಕಾದ ಕೈ ಯಾರದು? ಅಲ್ಲಿ ಗುಲಾಮಗಿರಿ ಇನ್ನೂ ಅಳಿದಿರಲಿಲ್ಲ. ಅದೇ ವರ್ಷ ಫ್ರೆಂಚ್ ಕವಿ ಲಾಮಾರ್ಟಿನ್‌ಗೆ ಬರೆದ ಪತ್ರದಲ್ಲಿ ಭಾರತಕ್ಕೆ ಸ್ವಾತಂತ್ರ್ಯವನ್ನೂ ಬೆಳಕನ್ನೂ ಬೇಡಿದವರು ಇವರು. ಆಳಿಸಿಕೊಂಡ ನಾಡಿನವರು ಇನ್ನೊಂದು ಆಳಿಸಿಕೊಂಡ ನಾಡಿನ ಹತ್ತಿಯ ಲೆಕ್ಕ ಹಾಕಬೇಕಾದ ಇಕ್ಕಟ್ಟು ಸಣ್ಣದಲ್ಲ. ಅವರನ್ನು ಅದಕ್ಕಾಗಿ ಹಳಿಯಲು ನನಗೆ ಮನಸ್ಸಿಲ್ಲ. ನೀತಿಯನ್ನು ಬಿಟ್ಟು ಸಂಪತ್ತಿನ ಮಾತು ಮುಗಿಯದು ಎಂದು ಅವರಿಗೆ ಅನ್ನಿಸಿದ್ದು ಇಂಥ ಲೆಕ್ಕಗಳ ನಡುವೆಯೇ ಇರಬಹುದು.

ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು 1869ರ ಫೆಬ್ರುವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಊರಿಗೆ ಮರಳುವ ಹಡಗಿನಲ್ಲಿ ಗೋಮ್ಸ್ ತೀರಿಕೊಂಡರು. ಆಗ ಅವರಿಗೆ ನಲವತ್ತು. ಕಾಗದದ ಮೇಲೆ ಬಿಡುಗಡೆಯಾದ ಗುಲಾಮರಾದರೋ ಇನ್ನೂ ಕೆಲವು ವರ್ಷ ಹಳೆಯ ಒಡೆಯರಿಗೇ ದುಡಿಯಬೇಕೆಂದು ಅದೇ ಕಾನೂನು ಹೇಳಿತ್ತು.